ರೀಸೆಟ್ ಒತ್ತುವ ಮುಂಚೆ ನುಡಿ ಫಾಂಟ್ ಎತ್ತಿಟ್ಟುಕೊಳ್ಳಿ

ಪ್ರಶ್ನೆ: ನಮ್ಮ ಡೆಸ್ಕ್‌ಟಾಪ್ ತುಂಬಾ ನಿಧಾನ. ಕೊಂಡಾಗ ವಿಂಡೋಸ್ 8 ಇತ್ತು, ಈಗ 10 ಇದೆ. ಫ್ಯಾಕ್ಟರಿ ಸೆಟ್ಟಿಂಗ್‌ಗೆ ಮರಳಿಸಿದರೆ ಸರಿಹೋಗುತ್ತದಾ? ಅಪ್ಪ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ ಬರಹಗಳು ಅದರಲ್ಲಿವೆ. ಅವು ಉಳಿಯುತ್ತವಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಅಪ್ಪನ ಬರಹಗಳ ವಿಷಯ. ರೀಸೆಟ್ ಮಾಡುವಾಗ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಡಾಕ್ಯುಮೆಂಟ್‌ಗಳು, ಫೋಟೋಗಳು ಉಳಿಯುತ್ತವೆ. ಆದರೆ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳೆಲ್ಲ ಹೋಗುತ್ತವೆ. ಅದರಲ್ಲಿ ನುಡಿಯೂ ಸೇರಿತು. ಹಳೆಯ ನುಡಿ ಬರಹ, ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಇರುವುದಿಲ್ಲ. ಆ ಫಾಂಟ್ ಇಲ್ಲದೆ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣುತ್ತವೆ. ಎಷ್ಟೋ ಜನ ಫೈಲ್ ಹಾಳಾಯಿತೆಂದು ಆಗಲೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಫಾಂಟ್ ಹಾಕಿದರೆ ಬರಹ ವಾಪಸ್ ಬರುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇದೆ. ಅಲ್ಲಿರುವ ನುಡಿ ಫಾಂಟ್‌ಗಳನ್ನೂ ಬರಹಗಳ ಜೊತೆಗೇ ಪೆನ್‌ಡ್ರೈವ್‌ಗೆ ಹಾಕಿ. ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೇ ಮುಂದಿನ ಕೆಲಸ.

ಇನ್ನು ಫ್ಯಾಕ್ಟರಿ ಸ್ಥಿತಿ. ಕಂಪನಿಯವರು ಡಿಸ್ಕ್‌ನಲ್ಲಿ ಇಟ್ಟಿರುವ ರಿಕವರಿಯಿಂದ ಮಾಡಿದರೆ ನಿಮ್ಮದು ವಿಂಡೋಸ್ 8ಕ್ಕೇ ಮರಳಬಹುದು. ಅದು ಬೇಡ. ಎಲ್ಲವೂ ಅಳಿಸಿಹೋಗುವುದು ಒಂದು ಕಾರಣ, 8ರ ಮುಂದಿನ ರೂಪವಾದ 8.1ಕ್ಕೂ 2023ರ ಜನವರಿಯಲ್ಲೇ ಬೆಂಬಲ (ಮೈಕ್ರೋಸಾಫ್ಟ್ ಕೊಡುವ ಸುರಕ್ಷತಾ ಅಪ್‌ಡೇಟ್‌ಗಳು) ನಿಂತಿರುವುದು ಇನ್ನೊಂದು. ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ಅದರಲ್ಲಿ ರಿಕವರಿ, ಅಲ್ಲಿ ‘ರೀಸೆಟ್ ದಿಸ್ ಪಿಸಿ’ ಇದೆ. ಅದರಿಂದ ಮಾಡಿದರೆ 10 ಹಾಗೇ ಉಳಿಯುತ್ತದೆ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ಸುಮಾರು 4 ಜಿಬಿ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡಿದ್ದರೆ ‘ಲೋಕಲ್ ರೀಇನ್‌ಸ್ಟಾಲ್’ ಸಾಕು.

ಆದರೆ ನಿಮಗೆ ರೀಸೆಟ್ ನಿಜಕ್ಕೂ ಬೇಕಾ? ನನಗೆ ಅನುಮಾನ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನೂ ಮಾಡದೆ ಸುಮ್ನೆ ಬಿಟ್ಟಾಗಲೂ ಡಿಸ್ಕ್ 100% ಹತ್ತಿರವೇ ಇದ್ದರೆ, ನಿಧಾನಕ್ಕೆ ತಿರುಗುವ ಹಳೆಯ ಹಾರ್ಡ್‌ಡಿಸ್ಕೇ ಕಾರಣ ಇರಬಹುದು. ಹಾಗಿದ್ದರೆ ರೀಸೆಟ್ ಮಾಡಿದರೂ ಜಾಸ್ತಿ ದಿನ ಸುಖವಿಲ್ಲ. ಎಸ್.ಪಿ. ರೋಡ್‌ನಲ್ಲಿ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಅದರಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿಕೊಳ್ಳಿ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡಬೇಡಿ, ಕೇಳಿ ಮನೆಗೆ ತನ್ನಿ. ಅಪ್ಪನ ಬರಹಗಳ ಇನ್ನೊಂದು ಪ್ರತಿ ಅದರಲ್ಲೇ ಇರುತ್ತದೆ ಅಲ್ವಾ?

ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 8ರ ಕಾಲದ ಯಂತ್ರಕ್ಕೆ 11 ಅಧಿಕೃತವಾಗಿ ಸಿಗುವುದಿಲ್ಲ. ಬರೆಯಲು, ಓದಲು ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ.

ರೀಸೆಟ್ಟೇ ಮಾಡುವುದಾದರೆ ಯುಪಿಎಸ್ ಇರಲಿ, ನಡುವೆ ಕರೆಂಟ್ ಹೋದರೆ ವಿಂಡೋಸ್ ಏಳದೇ ಹೋಗಬಹುದು. ಪರದೆಯ ಮೇಲಿನ ಶೇಕಡಾ ಅಂಕಿ ಒಂದೇ ಕಡೆ ಬಹಳ ಹೊತ್ತು ನಿಂತರೂ ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.