ಗೇಟಿನ ಮುಂದೆ ಯಾರ ಗಾಡಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತುಮಕೂರು ರೈಲ್ವೆ ಸ್ಟೇಷನ್ ಹತ್ತಿರದ ಅಡ್ಡರಸ್ತೆಯಲ್ಲಿ ನಮ್ಮ ಮನೆ. ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವವರು ಬೆಳಗ್ಗೆ ಬಂದು ನಮ್ಮ ಗೇಟಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋಗಿಬಿಡುತ್ತಾರೆ. ಬರುವುದು ರಾತ್ರಿಗೇ. ಮೊನ್ನೆ ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಆಟೋ ಗೇಟಿನ ತನಕ ಬರಲು ಆಗಲಿಲ್ಲ. ಮಂಡಿ ನೋವಿನಲ್ಲೇ ಅವರು ರಸ್ತೆ ಕೊನೆಯವರೆಗೆ ನಡೆದರು. ಟೈರಿನ ಗಾಳಿ ಬಿಟ್ಟುಬಿಡಿ, ಆಗ ಬುದ್ಧಿ ಬರುತ್ತೆ ಅನ್ನುತ್ತಾರೆ ಎದುರು ಮನೆಯವರು. ಹಾಗೆ ಮಾಡಬಹುದಾ?

ಉತ್ತರ: ಬೇಡ, ಗಾಳಿ ಮಾತ್ರ ಬಿಡಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಟೈರಿಗೆ ಕೈ ಹಾಕಿದರೆ ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ. ಬೇರೆಯವರ ವಸ್ತುವಿಗೆ ಬೇಕಂತಲೇ ಹಾನಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಇದೆ. ಕಾನೂನು ಈಗ ಪೂರ್ತಿ ನಿಮ್ಮ ಕಡೆ ಇರುವಾಗ ಅದನ್ನು ಯಾಕೆ ಕೆಡಿಸಿಕೊಳ್ಳುತ್ತೀರಿ?

ಮನೆಯ ಪ್ರವೇಶಕ್ಕೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು ಅಂತ 2017ರ ವಾಹನ ಚಾಲನಾ ನಿಯಮಗಳಲ್ಲೇ ಇದೆ. ಗೇಟಿಗೆ 'ನೋ ಪಾರ್ಕಿಂಗ್' ಬೋರ್ಡ್ ನೇತುಹಾಕಿದ್ದರೆ ಮಾತ್ರ ಅಂತೇನಿಲ್ಲ, ಬೋರ್ಡ್ ಇಲ್ಲದಿದ್ದರೂ ತಪ್ಪು ತಪ್ಪೇ. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಓದಿದರೆ ನಿಮ್ಮ ಬೀದಿಗಂತಲೇ ಬರೆದ ಹಾಗಿದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಹೋದ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು, ಅದರ ಖರ್ಚು ಗಾಡಿ ಮಾಲೀಕನದೇ. ಬೆಳಗಿನ ರೈಲಿಗೆ ಬಿಟ್ಟು ರಾತ್ರಿ ರೈಲಿಗೆ ಬರುವವರ ಬೈಕು ಈ 10 ಗಂಟೆ ಸಲೀಸಾಗಿ ದಾಟುತ್ತದೆ, ಅಲ್ವಾ? ಅದೂ ಗೇಟಿಗೆ ಅಡ್ಡ ಇದ್ದರೆ ಅಷ್ಟು ಹೊತ್ತು ಕಾಯಬೇಕಾಗೂ ಇಲ್ಲ. ನಿಲ್ಲಿಸಬಾರದ ಜಾಗದಲ್ಲಿ ನಿಂತ ಗಾಡಿಗೂ ಅದೇ ಸೆಕ್ಷನ್.

ಫೋಟೋ ತೆಗೆಯುವಾಗ ನಂಬರ್ ಪ್ಲೇಟೂ ನಿಮ್ಮ ಗೇಟೂ ಒಂದೇ ಚಿತ್ರದಲ್ಲಿ ಬರಲಿ. ಬರೀ ಬೈಕಿನ ಫೋಟೋ ಇದ್ದರೆ ಅದು ಎಲ್ಲಿ ನಿಂತಿತ್ತು ಅಂತ ಗೊತ್ತಾಗಲ್ಲ. ಒಂದು ಬೆಳಗ್ಗೆ, ಒಂದು ಸಂಜೆ ತೆಗೆದಿಟ್ಟುಕೊಂಡು ಟ್ರಾಫಿಕ್ ಠಾಣೆಗೆ ಬರೆದು ಕೊಡಿ. ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿಯ ವಿವರ ಬರುತ್ತದೆ, ಮಾಲೀಕರ ಫೋನ್ ನಂಬರ್ ಬರಲ್ಲ, ಅದು ಪೊಲೀಸರಿಂದಲೇ ಆಗಬೇಕಾದ ಕೆಲಸ.

ಇಷ್ಟೆಲ್ಲಾ ಹೇಳಿದರೂ ನಾನು ಮೊದಲು ಮಾಡಿ ಅನ್ನುವುದು ಬೇರೆ. ಒಂದು ಬೆಳಗ್ಗೆ ರೈಲಿನ ಹೊತ್ತಿಗೆ ಗೇಟಿನ ಹತ್ತಿರ ನಿಂತುಕೊಳ್ಳಿ. ದಿನಾ ಬರುವವರು ಹೆಚ್ಚುಕಡಿಮೆ ಅದೇ ಜನ. ಕೆಲಸ ಎಪ್ಪತ್ತು ಕಿಲೋಮೀಟರ್ ಆಚೆ, ಮನೆ ಇಲ್ಲಿ, ರೈಲು ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತೆ ಅನ್ನೋ ಗಾಬರಿಯಲ್ಲಿ ಗಾಡಿ ಎಲ್ಲಿ ನಿಂತಿತು ಅಂತ ತಿರುಗಿಯೂ ನೋಡದೆ ಓಡುವವರು ಅವರು. ಅತ್ತೆಯವರ ವಿಷಯ ಹೇಳಿ. "ಗೇಟ್ ಬಿಟ್ಟು ಆ ಲೈಟ್ ಕಂಬದಿಂದ ಆಚೆ ನಿಲ್ಲಿಸಿ" ಅಂತ ಜಾಗ ತೋರಿಸಿ. ಇಲ್ಲಿ ಬೇಡ ಅಂದರೆ ಜಗಳ ಆಗುತ್ತದೆ, ಅಲ್ಲಿ ನಿಲ್ಲಿಸಿ ಅಂದರೆ ಬಹಳ ಜನ ಕೇಳುತ್ತಾರೆ. ಕೇಳದವರಿಗೆ ಠಾಣೆ ಇದ್ದೇ ಇದೆ.

ಪ್ರಶ್ನೆ: ಪಕ್ಕದ ಮನೆಯವರು ಅವರ ಮನೆ ಮುಂದಿನ ರಸ್ತೆಯಲ್ಲಿ ಚಪ್ಪಡಿ ಕಲ್ಲು, ಹೂವಿನ ಕುಂಡ ಇಟ್ಟು ಜಾಗ ಹಿಡಿದಿದ್ದಾರೆ. ಅವರ ಕಾರು ಬಂದಾಗ ಮಾತ್ರ ತೆಗೆಯುತ್ತಾರೆ. ಕೇಳಿದರೆ "ನಮ್ಮ ಮನೆ ಮುಂದೆ ತಾನೆ" ಅನ್ನುತ್ತಾರೆ.

ಉತ್ತರ: ಮನೆ ಮುಂದೆ ಇದೆ ನಿಜ, ಆದರೆ ಅವರದಲ್ಲ. ಕಾಂಪೌಂಡ್ ಗೋಡೆಯ ಆಚೆ ಇರುವುದು ಮಹಾನಗರ ಪಾಲಿಕೆಯ ರಸ್ತೆ. ಗೇಟು ತೆರೆದು ಓಡಾಡುವ ಹಕ್ಕು ಅವರಿಗಿದೆ. ಉಳಿದ ಜಾಗದಲ್ಲಿ ಅವರಿಗೆಷ್ಟೋ ನಿಮಗೂ ಅಷ್ಟೇ. ರಸ್ತೆಗೆ ಅಡ್ಡವಾಗಿ ಇಟ್ಟದ್ದನ್ನು ತೆಗೆಸುವ ಅಧಿಕಾರವನ್ನು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಪಾಲಿಕೆಗೆ ಕೊಟ್ಟಿದೆ. ರಾತ್ರಿ ಕರೆಂಟ್ ಹೋದಾಗ ಆ ಕಲ್ಲಿಗೆ ಸ್ಕೂಟರ್ ತಾಗಿ ಯಾರಾದರೂ ಬಿದ್ದರೆ ಏನು ಗತಿ ಅಂತ ಅವರನ್ನೇ ಕೇಳಿ.

ಜಾಗದ ಜಗಳಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 20 ಅಡಿ ರಸ್ತೆ ಅಂದರೆ ಸುಮಾರು 6 ಮೀಟರ್. ಸ್ವಿಫ್ಟ್‌ನಂಥ ಚಿಕ್ಕ ಕಾರೇ ಕನ್ನಡಿ ಬಿಟ್ಟು 1.7 ಮೀಟರ್ ಅಗಲ. ಎರಡೂ ಕಡೆ ಒಂದೊಂದು ನಿಂತರೆ, ಅದೂ ಮೋರಿ ಅಂಚಿಗೆ ಅಂಟಿಕೊಂಡು ನಿಂತರೆ, ನಡುವೆ ಉಳಿಯುವುದು ಎರಡೂವರೆ ಮೀಟರ್ ಚಿಲ್ಲರೆ. ದೊಡ್ಡ ಫೈರ್ ಇಂಜಿನ್ನಿನ ಅಗಲವೇ ಹತ್ತಿರಹತ್ತಿರ ಎರಡೂವರೆ ಮೀಟರ್. ಯಾರದೋ ಮನೆಯಲ್ಲಿ ಸಿಲಿಂಡರಿಗೆ ಬೆಂಕಿ ಹತ್ತಿದ ದಿನ ಅದು ಒಳಗೆ ಬರುವುದು ಹೇಗೆ? ಬೀದಿಯವರೆಲ್ಲಾ ಒಂದು ಭಾನುವಾರ ಸೇರಿ, ಕಾರುಗಳು ಒಂದೇ ಕಡೆ ನಿಲ್ಲಲಿ ಅಂತ ಮಾತಾಡಿಕೊಳ್ಳಿ. ಆ ಕಡೆಯವರಿಗೇ ಯಾವಾಗಲೂ ತೊಂದರೆ ಆಗಬಾರದು, ತಿಂಗಳಿಗೊಮ್ಮೆ ಕಡೆ ಬದಲಾಯಿಸಿ. ಕಲ್ಲು, ಕುಂಡದ ಮಾತನ್ನೂ ಅಲ್ಲೇ ತೆಗೆಯಿರಿ. ಒಬ್ಬರ ಮನೆ ಬಾಗಿಲಿಗೆ ಹೋಗಿ ಹೇಳುವುದಕ್ಕಿಂತ ಹತ್ತು ಜನರ ನಡುವೆ ಸಮಾಧಾನವಾಗಿ ಹೇಳುವುದು ಸುಲಭ.

ಪ್ರಶ್ನೆ: ಕಾಲೇಜಿನ ಹತ್ತಿರದ ನಮ್ಮ ಬೀದಿಯಲ್ಲಿ ಹೊಸದಾಗಿ ಪಿಜಿ ಶುರುವಾಗಿದೆ. ಹುಡುಗರ ಬೈಕುಗಳು ಫುಟ್‌ಪಾತ್ ತುಂಬಾ. ಅವರನ್ನು ಬೈದೂ ಬೈದೂ ಸಾಕಾಗಿದೆ.

ಉತ್ತರ: ಹುಡುಗರನ್ನು ಬೈಯಬೇಡಿ. ಊರು ಬಿಟ್ಟು ಓದಲು ಬಂದಿರುವ ಮಕ್ಕಳು, ಬೈಕ್ ಇಡಲು ಅವರಿಗೆ ಯಾರೂ ಜಾಗ ತೋರಿಸಿಲ್ಲ. ಫುಟ್‌ಪಾತ್ ಮೇಲೆ ನಿಲ್ಲಿಸುವುದು ತಪ್ಪು, ಅದನ್ನು ಅವರಿಗೂ ಹೇಳಿ. ಆದರೆ ಬಾಡಿಗೆ ತೆಗೆದುಕೊಳ್ಳುತ್ತಿರುವವರು ಕಟ್ಟಡದ ಮಾಲೀಕರು, ಗಾಡಿಗೆ ಜಾಗ ಮಾಡಿಕೊಡಬೇಕಾದವರೂ ಅವರೇ. ಮೊದಲು ಅವರ ಹತ್ತಿರ ಮಾತಾಡಿ. ಪ್ರಯೋಜನ ಆಗದಿದ್ದರೆ ಪಾಲಿಕೆಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.

ಪ್ರಶ್ನೆ: ನಮ್ಮದು 20-30 ಸೈಟಿನ ಮನೆ. ಪ್ಲ್ಯಾನಿನಲ್ಲಿ ಕಾರ್ ಪಾರ್ಕಿಂಗ್ ಅಂತ ಇದ್ದ ಜಾಗದಲ್ಲಿ ರೂಮ್ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಈಗ ಕಾರು ತೆಗೆದುಕೊಳ್ಳುವ ಆಸೆ. ರಸ್ತೆಯಲ್ಲೇ ನಿಲ್ಲಿಸಿದರೆ ಏನು ತೊಂದರೆ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಬೀದಿಗಳು ಇವತ್ತು ಕಟ್ಟಿಕೊಂಡಿರುವುದು ಇದರಿಂದಲೇ. ಕಾರಿಗೆ ಅಂತ ತೋರಿಸಿದ ಜಾಗದಿಂದ ಬಾಡಿಗೆ ನಿಮಗೆ ಬರುತ್ತದೆ, ಕಾರಿನ ಭಾರ ಮಾತ್ರ ಬೀದಿಯ ಮೇಲೆ ಬೀಳುತ್ತದೆ. ಅದೂ ಅಲ್ಲದೆ ಮಂಜೂರಾದ ಪ್ಲ್ಯಾನ್ ಮೀರಿ ಕಟ್ಟಿದ್ದಕ್ಕೆ ನಾಳೆ ನೋಟಿಸ್ ಬಂದರೆ, ಮನೆ ಮಾರುವಾಗ ಬ್ಯಾಂಕಿನವರು ಕೇಳಿದರೆ, ಉತ್ತರ ಕೊಡಬೇಕಾದವರು ನೀವೇ.

ಬಾಡಿಗೆಯವರ ಕರಾರು ಮುಗಿದ ಮೇಲೆ ಆ ರೂಮನ್ನು ಮತ್ತೆ ಪಾರ್ಕಿಂಗ್ ಮಾಡಲು ಆಗುತ್ತಾ ನೋಡಿ. ಗೋಡೆ ತೆಗೆಯುವ ಮೊದಲು ಇಂಜಿನಿಯರ್ ಒಬ್ಬರಿಗೆ ತೋರಿಸಿ. ಟೇಪು ಹಿಡಿದು ಅಳೆಯಿರಿ. 4 ಮೀಟರ್ ಒಳಗಿನ ಕಾರಿಗೂ ಡೋರ್ ತೆಗೆದು ಇಳಿಯಲು ಎಂಟೂವರೆ ಅಡಿ ಅಗಲ, ಹದಿನೈದು ಅಡಿ ಉದ್ದ ಬೇಕೇ ಬೇಕು. ಗೇಟು ರಸ್ತೆಯ ಕಡೆಗೆ ತೆರೆಯುವುದು ಬೇಡ, ಪಕ್ಕಕ್ಕೆ ಜಾರುವಂಥದ್ದು ಹಾಕಿಸಿ. ಇಳಿಜಾರು ಮಾಡುವಾಗ ಮೋರಿಯನ್ನು ಸಿಮೆಂಟಿನಿಂದ ಮುಚ್ಚಬೇಡಿ, ಎತ್ತಿಡಬಹುದಾದ ಕಬ್ಬಿಣದ ಜಾಲರಿ ಹಾಕಿಸಿದರೆ ಹೂಳು ತೆಗೆಯಲು ಆಗುತ್ತದೆ. ಅಳತೆ ಸಾಲದಿದ್ದರೆ ಸದ್ಯಕ್ಕೆ ಸ್ಕೂಟರೇ ಸಾಕು. ಊರಿಗೆ, ಮದುವೆಗೆ ಹೋಗುವ ದಿನ ಬಾಡಿಗೆ ಕಾರು ಮಾಡಿಕೊಳ್ಳಿ, ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಕಂತಿಗಿಂತ ಕಡಿಮೆಯೇ ಬರುತ್ತದೆ.