ಕೃಷಿ ಪ್ರಶ್ನೋತ್ತರ: ಹೈಸ್ಕೂಲಿನಿಂದಲೇ ಜಗತ್ತಿನ ಹೊಲಗಳತ್ತ

ಪ್ರಶ್ನೆ: ಮಗಳು ಅಮೆರಿಕದಲ್ಲಿ 10ನೇ ತರಗತಿ ಓದುತ್ತಿದ್ದಾಳೆ. ವರ್ಲ್ಡ್ ಫುಡ್ ಪ್ರೈಜ್ ಸಂಸ್ಥೆಯ ಯೂತ್ ಇನ್‌ಸ್ಟಿಟ್ಯೂಟ್‌ಗೆ ಪ್ರಬಂಧ ಬರೆಯಬೇಕಂತೆ. ‘ಆಫ್ರಿಕಾದ ಹಸಿವು’ ಎಂಬ ವಿಷಯ ಆರಿಸಿಕೊಂಡಿದ್ದಾಳೆ. ಸರಿಯೇ?
– ಓದುಗರೊಬ್ಬರು, ಮಿನೆಸೋಟಾ

ವಿಷಯ ತೀರಾ ದೊಡ್ಡದಾಯಿತು. ಹಸಿರು ಕ್ರಾಂತಿಯ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮತ್ತು ಅಯೋವಾದ ಉದ್ಯಮಿ ಜಾನ್ ರುವಾನ್ 1994ರಲ್ಲಿ ಶುರುಮಾಡಿದ ಈ ಕಾರ್ಯಕ್ರಮಕ್ಕೆ ಬೇಕಾದದ್ದು ಒಂದು ದೇಶ, ಅಲ್ಲಿನ ಒಂದು ಸಾಮಾನ್ಯ ಕುಟುಂಬ, ಆ ಕುಟುಂಬದ ತಟ್ಟೆಗೆ ಕುತ್ತು ತಂದ ಒಂದು ಕಾರಣ, ಅದಕ್ಕೊಂದು ಪರಿಹಾರ. ಮೊದಲು ರಾಜ್ಯಮಟ್ಟದಲ್ಲಿ ತಜ್ಞರ ಮುಂದೆ ಕೂತು ವಿಷಯ ಮಂಡಿಸಬೇಕು. ಅಲ್ಲಿ ಆಯ್ಕೆಯಾದವರು ಅಕ್ಟೋಬರ್‌ನಲ್ಲಿ ಅಯೋವಾದ ಡೆ ಮಾಯ್ನ್‌ಗೆ ಹೋಗುತ್ತಾರೆ.

ಮನೆಯಲ್ಲಿ ರಾಗಿ ಮುದ್ದೆ ಗೊತ್ತಿದ್ದರೆ ಉಗಾಂಡಾದ ರಾಗಿ ಹಿಡಿಯಲಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿ ಬಿತ್ತನೆ ಹೆಚ್ಚಾಗಿ ಎರಚುವುದೇ. ರಾಗಿಯ ಎಳೆ ಪೈರಿನಂತೆಯೇ ಕಾಣುವ ಕಾಡುರಾಗಿ ಜೊತೆಗೇ ಮೊಳೆಯುತ್ತದೆ. ಸಾಲಿಲ್ಲದ ಹೊಲದಲ್ಲಿ ಅದನ್ನು ಕೂತು ಕೈಯಲ್ಲೇ ಕೀಳಬೇಕು. ಆ ಕೆಲಸ ಬಹುಪಾಲು ಹೆಂಗಸರದ್ದು. ಇದರ ಮೇಲೆ ಬೆಂಕಿ ರೋಗದ ಕಾಟ. ಇಲ್ಲಿ ಕರ್ನಾಟಕದ ನಂಟು ತಾನಾಗಿಯೇ ಬರುತ್ತದೆ: ನಮ್ಮ ಇಂಡಾಫ್ ತಳಿಗಳು ಭಾರತ ಮತ್ತು ಆಫ್ರಿಕಾ ರಾಗಿಗಳ ಸಂಕರ, ಹೆಸರಿನಲ್ಲೇ ಅದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಂದ ಜಿಪಿಯು 28 ಬೆಂಕಿ ರೋಗ ತಡೆಯುವ ತಳಿ.

ಒಂದು ಎಚ್ಚರಿಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಫಾವೋಸ್ಟಾಟ್ ಅಂಕಿಅಂಶ ಯಾರಿಗೂ ಉಚಿತ, ಬಳಸಲಿ. ಆದರೆ ಅದರಲ್ಲಿ ರಾಗಿ, ಸಜ್ಜೆ, ನವಣೆ ಎಲ್ಲವೂ ‘ಮಿಲೆಟ್’ ಎಂಬ ಒಂದೇ ಕಾಲಮ್ಮಿನಲ್ಲಿವೆ. ಆ ಅಂಕಿಯನ್ನು ರಾಗಿಯದೆಂದು ಬರೆದರೆ ತಜ್ಞರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ. ರಾಗಿಯ ಅಂಕಿಗೆ ಆಯಾ ದೇಶದ ಕೃಷಿ ಇಲಾಖೆಯ ವರದಿಯನ್ನೇ ಹುಡುಕಬೇಕು.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ವಿದೇಶದ ಮಾತು ದೂರ. ಆಹಾರ ಭದ್ರತೆಯ ಬಗ್ಗೆ ಇಲ್ಲೇ ಮಾಡಬಹುದಾದ ಪ್ರಾಜೆಕ್ಟ್ ಇದೆಯೇ?
– ವಿಜ್ಞಾನ ಶಿಕ್ಷಕರು, ತುಮಕೂರು ಜಿಲ್ಲೆ

ಇದೆ, ಅದೂ ಅಲಸಂದೆ ಡಬ್ಬದಲ್ಲೇ. ನಮ್ಮ ಅಲಸಂದೆ ನೈಜರ್, ನೈಜೀರಿಯಾಗಳಲ್ಲಿ ಬಡವರ ಮುಖ್ಯ ಕಾಳು. ಅದನ್ನು ತೂತು ಮಾಡುವ ಹುಳವೂ ಎರಡೂ ಕಡೆ ಒಂದೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದಕ್ಕೆಂದೇ ಪಿಐಸಿಎಸ್ ಚೀಲ ರೂಪಿಸಿದರು: ಒಳಗೆ ಎರಡು ಪಾಲಿಥೀನ್ ಪದರ, ಹೊರಗೆ ನೇಯ್ದ ಚೀಲ. ಔಷಧ ಬೇಡ, ಗಾಳಿ ಆಡದಂತೆ ಬಿಗಿದರೆ ಸಾಕು. ಮಕ್ಕಳು ಈ ತತ್ವವನ್ನು ಬಾಟಲಿಯಲ್ಲಿ ಪರೀಕ್ಷಿಸಬಹುದು.

ಬೇಕಾದ್ದು ಸುಮಾರು ಎರಡೂವರೆ ಕೆಜಿ ಅಲಸಂದೆ. ಬೀಜದಂಗಡಿಯದು ಬೇಡ, ಅದಕ್ಕೆ ಕೀಟನಾಶಕ ಲೇಪಿಸಿರುತ್ತಾರೆ. ಕಾಳು ಒಣಗಿದೆಯೇ ನೋಡಲು, ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಕುಲುಕಿ, 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚು, ಇನ್ನೂ ಒಣಗಿಸಿ. ಒಣ ಕಾಳನ್ನು ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಹೊಲದಿಂದಲೇ ಬಂದ ಮೊಟ್ಟೆ, ಮರಿ ಸಾಯುತ್ತವೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಬಿಡುವವರೆಗೆ ಕಟ್ಟು ಬಿಚ್ಚಬೇಡಿ. ಬಿಚ್ಚಿದರೆ ಕಾಳಿನ ಮೇಲೆ ನೀರಾಡಿ ಬೂಷ್ಟು ಹಿಡಿಯುತ್ತದೆ.

ಈಗ ಮೂರು ಬಗೆಯ ಬಾಟಲಿ, ಒಂದೊಂದರಲ್ಲೂ 250 ಗ್ರಾಂ ಕಾಳು, 20 ಜೀವಂತ ಹುಳ. ಮೊದಲನೆಯದು ಬಾಯಿತನಕ ತುಂಬುವ ಚಿಕ್ಕ ಬಾಟಲಿ, ಬಿಗಿ ಮುಚ್ಚಳ. ಎರಡನೆಯದು ಒಂದು ಲೀಟರಿನದು, ಅದಕ್ಕೂ ಬಿಗಿ ಮುಚ್ಚಳ. ಮೂರನೆಯದರ ಬಾಯಿಗೆ ಬಟ್ಟೆ. ಪ್ರತಿಯೊಂದನ್ನೂ ಮೂರು ಸಲ, ಒಟ್ಟು ಒಂಬತ್ತು ಬಾಟಲಿ. ಮುಚ್ಚಳದ ಸುತ್ತ ಮೇಣ ಹಚ್ಚಿ. 45 ದಿನ ಮುಟ್ಟಬಾರದು. ಮಕ್ಕಳು ಕುತೂಹಲಕ್ಕೆ ನಡುವೆ ಒಮ್ಮೆ ತೆರೆದರೂ ಹೊಸ ಗಾಳಿ ನುಗ್ಗಿ ಪ್ರಯೋಗ ಕೆಡುತ್ತದೆ. ಹೆಚ್ಚಿನ ಕಡೆ ಕೆಡುವುದು ಇಲ್ಲೇ.

ಮೊಟ್ಟೆಯಿಂದ ಪೂರ್ಣ ಹುಳವಾಗಲು ಒಂದಕ್ಕೆ ಸುಮಾರು 9 ಮಿಲಿ ಆಮ್ಲಜನಕ ಬೇಕು. ತುಂಬಿದ ಚಿಕ್ಕ ಬಾಟಲಿಯಲ್ಲಿ ಕಾಳಿನ ಸಂದಿಯ ಗಾಳಿಯಷ್ಟೇ ಇರುವುದರಿಂದ ಎರಡು ಮೂರಕ್ಕಿಂತ ಹೆಚ್ಚು ಬೆಳೆಯಲಾರವು. ಅರೆಖಾಲಿ ಬಾಟಲಿಯಲ್ಲಿ, ಮುಚ್ಚಳ ಬಿಗಿಯಿದ್ದರೂ, ಅದರ ಹಲವು ಪಟ್ಟು. ಸ್ವಾರಸ್ಯದ ಸಂಗತಿಯೆಂದರೆ ಅವು ಸಾಯುವುದು ಬಾಯಾರಿ. ನೀರು ಕುಡಿಯದ ಈ ಹುಳ ಆಹಾರವನ್ನು ಆಮ್ಲಜನಕದಿಂದ ಉರಿಸಿಯೇ ಮೈಗೆ ಬೇಕಾದ ನೀರು ಮಾಡಿಕೊಳ್ಳುತ್ತದೆ.

ಕೊನೆಗೆ ಪ್ರತಿ ಬಾಟಲಿಯಿಂದ ಕಣ್ಣುಮುಚ್ಚಿ 100 ಕಾಳು ತೆಗೆದು ತೂತಾದವನ್ನು ಎಣಿಸಿ. ಇನ್ನು 100 ಕಾಳನ್ನು 25ರಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು 5ನೇ ಮತ್ತು 8ನೇ ದಿನ ಮೊಳಕೆ ಲೆಕ್ಕಹಾಕಿ. ಊರಿನ ನಾಲ್ಕಾರು ಮನೆಗಳಲ್ಲಿ ಕಾಳು ಹೇಗೆ ಇಡುತ್ತಾರೆ, ಎಷ್ಟು ಹುಳ ತಿನ್ನುತ್ತದೆ ಎಂದೂ ಬರೆದುಕೊಂಡರೆ ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆಂದೇ ಇರುವ ಕೇಂದ್ರದ ಯೋಜನೆ ಇನ್‌ಸ್ಪೈರ್ ಮಾನಕ್‌ಗೆ ಕಳಿಸಬಹುದಾದ ವಸ್ತು ಸಿದ್ಧ. ಶಾಲೆಯಿಂದ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದ ಮಗುವಿಗೆ 10,000 ರೂಪಾಯಿ. ಅರ್ಜಿ ಶಾಲೆಯ ಮೂಲಕವೇ ಆನ್‌ಲೈನಿನಲ್ಲಿ ಹೋಗಬೇಕು.

ಪ್ರಶ್ನೆ: ವಿದೇಶದಲ್ಲಿ ‘ಯುವ ಆಹಾರ ಶೃಂಗಸಭೆ’ಗೆ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ ಎಂದು ಮಗನಿಗೆ ಇ-ಮೇಲ್ ಬಂದಿದೆ. ಕಟ್ಟಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಮಗ ಏನನ್ನೂ ಬರೆದು ಕಳಿಸದೆ ಆಯ್ಕೆಯಾದದ್ದು ಹೇಗೆ ಎಂದು ಮೊದಲು ಕೇಳಿ. ಹೋಲಿಕೆಗೆ ಮೇಲೆ ಹೇಳಿದ ವರ್ಲ್ಡ್ ಫುಡ್ ಪ್ರೈಜ್ ಸಂಸ್ಥೆಯದೇ ಬೋರ್ಲಾಗ್–ರುವಾನ್ ಇಂಟರ್ನ್‌ಶಿಪ್ ನೋಡಿ. 1998ರಲ್ಲಿ ಶುರುವಾದ ಅದು ಎಂಟು ವಾರದ್ದು, ಹೈದರಾಬಾದಿನ ಇಕ್ರಿಸ್ಯಾಟ್‌ನಂಥ ಸಂಶೋಧನಾ ಕೇಂದ್ರಗಳಲ್ಲಿ ಕೆಲಸ, ಖರ್ಚು ಅವರದೇ. ಆದರೆ ಡೆ ಮಾಯ್ನ್‌ನಲ್ಲಿ ಪ್ರಬಂಧ ಮಂಡಿಸಿದವರಿಗಷ್ಟೇ ಪ್ರವೇಶ. ಈಗ ಬಂದಿರುವುದಕ್ಕೆ ದುಡ್ಡು ಕಟ್ಟಬೇಡಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಆದ ಕೂಡಲೇ ಕೃಷಿ ಓದಬಹುದೇ?
– ವಿದ್ಯಾರ್ಥಿನಿ, ಚಳ್ಳಕೆರೆ

ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕನ್ನಡ ಮಾಧ್ಯಮ. ಬಿಎಸ್ಸಿ ಕೃಷಿ ಬೇಕಿದ್ದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡದೆ ವಿಜ್ಞಾನ ಓದಿ ಕೆಸಿಇಟಿ ಬರೆಯಬೇಕು. ಕೃಷಿಕರ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಕಣ್ಣಲ್ಲಿ ನೋಡಿ ಗುರುತಿಸಬೇಕು, ಹಾಗಾಗಿ ಹೊಲಕ್ಕೆ ಹೋಗುವುದನ್ನು ನಿಲ್ಲಿಸಬೇಡಿ.