ಗಯಾರ್ತಾ ಊರು ಏನಾಯಿತು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಸ್ಪೇನಿನ ಹೋರಾಟಗಾರ್ತಿ ಡೊಲೊರೆಸ್ ಇಬಾರುರಿ ಹುಟ್ಟಿದ ಹಳೇ ಗಯಾರ್ತಾ ಈಗ ಇಲ್ಲ ಎಂದು ಬರೆದಿದ್ದೀರಿ. ಯುದ್ಧದಲ್ಲಿ ಹಾಳಾಯಿತೇ?"

ಇಲ್ಲ, ಯುದ್ಧದಲ್ಲಲ್ಲ. ಗಣಿಯೇ ಆ ಊರನ್ನು ನುಂಗಿತು. ಗಯಾರ್ತಾ ಇರುವುದು ಬಾಸ್ಕ್ ನಾಡಿನಲ್ಲಿ, ಬಿಲ್ಬಾವೊ ನಗರದ ಹತ್ತಿರ. ಮನೆಗಳ ಬುಡದಲ್ಲೇ ಕಬ್ಬಿಣದ ಅದಿರಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದನ್ನು ತೆಗೆಯಲೆಂದು ಹಳೇ ಊರನ್ನು ಕೆಡವಿದರು. ಜನ ಪಕ್ಕದ ಹೊಸ ಊರಿಗೆ ಹೋದರು. 1993ರಲ್ಲಿ ಗಣಿಯೂ ಮುಚ್ಚಿತು. ಉಳಿದದ್ದು ಭಾರೀ ಗುಂಡಿ. ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ!

ಆ ಕಡೆ ಕಬ್ಬಿಣದ ಬೆಟ್ಟವೇ ಇದೆ ಎಂದು ರೋಮಿನ ಲೇಖಕ ಪ್ಲಿನಿ 2,000 ವರ್ಷಗಳ ಹಿಂದೆಯೇ ಬರೆದಿದ್ದ. ಆದರೆ ಅಗೆತ ಜೋರಾದದ್ದು ಇಂಗ್ಲೆಂಡಿನಲ್ಲಿ ಬೆಸೆಮರ್ 1856ರಲ್ಲಿ ಉಕ್ಕು ತಯಾರಿಸುವ ಹೊಸ ವಿಧಾನ ಕಂಡುಹಿಡಿದ ಮೇಲೆ. ಅದಕ್ಕೆ ರಂಜಕ ಕಡಿಮೆ ಇರುವ ಅದಿರೇ ಬೇಕಿತ್ತು. ಇಲ್ಲಿಯದು ಅಂಥದ್ದೇ, ಬಂದರೂ ಹತ್ತಿರ. ಬ್ರಿಟಿಷ್ ಬಂಡವಾಳ ಹರಿದು ಬಂತು. ವೇಲ್ಸಿಗೆ ಅದಿರು ಒಯ್ದ ಹಡಗುಗಳು ಬರುವಾಗ ಕಲ್ಲಿದ್ದಲು ತುಂಬಿಕೊಂಡು ಬಂದವು.

ಇಷ್ಟೆಲ್ಲ ಅದಿರು ಅಗೆದವರು ಹೇಗೆ ಬದುಕಿದರು? ನನಗೆ ಮುಖ್ಯ ಅನ್ನಿಸುವುದು ಇದೇ. ಕೆಲಸ ಹುಡುಕಿ ಬಂದವರಲ್ಲಿ ಬಹಳ ಜನ ಕಂಪನಿಯ ಮರದ ಬ್ಯಾರಕ್ಕಿನಲ್ಲೇ ಇರಬೇಕಿತ್ತು. ಒಂದೇ ಹಾಸಿಗೆಗೆ ಸರದಿ. ಒಬ್ಬ ಎದ್ದು ಪಾಳಿಗೆ ಹೊರಟರೆ, ಪಾಳಿ ಮುಗಿಸಿ ಬಂದವನು ಅದೇ ಬಿಸಿ ಹಾಸಿಗೆಯಲ್ಲಿ ಮಲಗುತ್ತಿದ್ದ. ದಿನಸಿಯನ್ನೂ ಮೇಸ್ತ್ರಿಗಳ ಅಂಗಡಿಯಲ್ಲೇ ಕೊಳ್ಳಬೇಕು. ಸಾಮಾನು ಕಳಪೆ, ಬೆಲೆ ಜಾಸ್ತಿ. ಸಂಬಳ ತಿಂಗಳಿಗೊಮ್ಮೆ. ಹಾಗಾಗಿ ಸಾಲ ಮಾಡದೆ ವಿಧಿಯೇ ಇರಲಿಲ್ಲ. ದುಡಿದ ದುಡ್ಡು ಬಹುಪಾಲು ಅದೇ ಅಂಗಡಿಗೆ ವಾಪಸ್. ಇದನ್ನು ಸುಲಿಗೆ ಅನ್ನದೆ ಏನನ್ನಬೇಕು?

1890ರ ಮೇ ತಿಂಗಳಲ್ಲಿ ಒರ್ಕೊನೆರಾ ಎಂಬ ಗಣಿ ಕಂಪನಿ ಐದು ಜನ ಕಾರ್ಮಿಕರನ್ನು ಕೆಲಸದಿಂದ ತೆಗೆಯಿತು. ಪಕ್ಕದ ಲಾ ಅರ್ಬೊಲೆದಾದಲ್ಲಿ ಹೊತ್ತಿದ ಮುಷ್ಕರ ಗಣಿಗಳಿಂದ ನದಿ ದಂಡೆಯ ಕಾರ್ಖಾನೆಗಳಿಗೂ ಹಬ್ಬಿತು. ಕಾರ್ಮಿಕರು ಕೇಳಿದ್ದೇನು ಗೊತ್ತೇ? ಮಲಗುವ ಜಾಗ, ಕೊಳ್ಳುವ ಅಂಗಡಿ ತಮ್ಮ ಇಷ್ಟದ್ದಿರಲಿ, ದುಡಿಮೆಗೆ ಮಿತಿ ಇರಲಿ ಅಂತ, ಅಷ್ಟೇ. ಸೈನ್ಯ ಬಂತು. ಆದರೆ ದಂಡು ತಂದ ಜನರಲ್ ಲೋಮಾ ಬ್ಯಾರಕ್ಕುಗಳನ್ನು ಕಣ್ಣಾರೆ ನೋಡಿ, ಕಾರ್ಮಿಕರ ಬೇಡಿಕೆಗಳೇ ಸರಿ ಎಂದು ಮಾಲೀಕರನ್ನು ಒಪ್ಪಿಸಿದ. ದಿನಕ್ಕೆ ಸರಾಸರಿ 10 ಗಂಟೆ ಕೆಲಸ ಎಂದಾಯಿತು. ಮಾಲೀಕರು ಮಾತು ಪೂರ್ತಿ ಉಳಿಸಿಕೊಳ್ಳಲಿಲ್ಲ. ವಾರದ ಸಂಬಳಕ್ಕೆ 1903ರಲ್ಲಿ ಮತ್ತೆ ಮುಷ್ಕರ ಹೂಡಬೇಕಾಯಿತು.

ಈ ಎರಡು ಮುಷ್ಕರಗಳ ನಡುವೆ, 1895ರಲ್ಲಿ, ಗಣಿ ಕಾರ್ಮಿಕನ ಮಗಳಾಗಿ ಡೊಲೊರೆಸ್ ಹುಟ್ಟಿದ್ದು. ಮದುವೆಯಾದದ್ದೂ ಗಣಿ ಕಾರ್ಮಿಕನನ್ನೇ. 'ಪಾಸಿಯೊನಾರಿಯಾ' ಎಂಬ ಹೆಸರಿನಲ್ಲಿ ಆಕೆಯ ಮೊದಲ ಬರಹ 1918ರಲ್ಲಿ ಅಚ್ಚಾದದ್ದು ಗಣಿ ಕಾರ್ಮಿಕರ ಪತ್ರಿಕೆಯಲ್ಲೇ.

ಆ ಕಡೆ ಹೋದರೆ ಹೊಸ ಗಯಾರ್ತಾದ ಗಣಿ ಮ್ಯೂಸಿಯಂ ತಪ್ಪದೆ ನೋಡಿ. ಹಳೆಯ ಕಸಾಯಿಖಾನೆ ಕಟ್ಟಡದಲ್ಲಿದೆ, ಗುಂಡಿಯ ಪಕ್ಕದಲ್ಲೇ.

– ಸಂ.